ಯಾವ ಲೈನು?

ಲೈನಕ್ಕ ಹುಟ್ಟಿದ್ದೇ ಲೈನಿನಲ್ಲಿ. ನೂಲಿನ ಗಿರಣಿಯವರು ತಮ್ಮ ಕೆಲಸಗಾರರಿಗೆಂದು ಕಟ್ಟಿಸಿಕೊಟ್ಟ ಸಾಲು ಮನೆಗಳಿಗೆ ಊರವರು ಇಟ್ಟ ಹೆಸರು ಅದು. ಉದ್ದಕ್ಕೂ ಒಂದೇ ಮಾಡು, ಮನೆಗೂ ಮನೆಗೂ ನಡುವೆ ಒಂದಿಟ್ಟಿಗೆ ದಪ್ಪದ ಗೋಡೆ. ಒಂದು ಮನೆಯಲ್ಲಿ ಯಾರಾದರೂ ಸೀನಿದರೆ ಮೂರನೇ ಮನೆಯಲ್ಲಿ ಮಲಗಿದ್ದವರು ಹೊದಿಕೆ ಎಳೆದುಕೊಳ್ಳಬೇಕು, ಅಷ್ಟು ಸಲೀಸಾಗಿ ಸದ್ದು ಹಾಯುತ್ತಿತ್ತು. ಶಾಲೆಯಲ್ಲಿ ಜಗಳ ಹತ್ತಿದಾಗ ಬೇರೆ ಮಕ್ಕಳು, "ಹೋಗೇ, ಲೈನಿನವಳೇ!" ಎಂದು ಮೂಗು ಮುರಿಯುತ್ತಿದ್ದರು. ಅದು ಬೈಗುಳ ಎಂದು ಅವಳಿಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೆ ಅದನ್ನು ವಿಳಾಸ ಎಂದೇ ತಿಳಿದಿದ್ದಳು.

ಚಿಕ್ಕವಳಿದ್ದಾಗ ಆ ಮಾತು ಅವಳನ್ನು ಸಾಕಷ್ಟು ಆಟವಾಡಿಸಿತು. ನಲ್ಲಿಯಲ್ಲಿ ನೀರು ಬಂದ ಕೂಡಲೇ ಅಮ್ಮ ಬಿಂದಿಗೆ ಕೈಗೆ ಕೊಟ್ಟು, "ಓಡು, ಹೋಗಿ ಲೈನಲ್ಲಿ ನಿಂತ್ಕೋ" ಎನ್ನುತ್ತಿದ್ದಳು. ಹುಡುಗಿ ಹೊಸಿಲ ಮೇಲೆಯೇ ನಿಂತು, "ನಾವಿರೋದೇ ಲೈನಲ್ಲಿ ಅಲ್ವೇನಮ್ಮ? ಇನ್ನೆಲ್ಲಿಗೆ ಹೋಗ್ಲಿ?" ಎಂದು ಕೇಳುವಳು. ಅಮ್ಮನಿಗೆ ರೇಗುತ್ತಿತ್ತು. ಗಿರಣಿಯಿಂದ ಆಗಷ್ಟೇ ಬಂದು ತಲೆಗೂದಲಿಂದ ಹತ್ತಿಯ ಎಳೆ ಬಿಡಿಸಿಕೊಳ್ಳುತ್ತಿದ್ದ ಅಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು "ಮುಂದಿನ ಲೈನ್ ಓದು" ಎಂದರೆ ಪಾಠದ ಸಾಲು. ಡ್ರಿಲ್ ಮೇಷ್ಟ್ರು "ಲೈನ್ ತಪ್ಪಬೇಡಿ" ಎಂದು ಕೂಗಿದರೆ ಮಕ್ಕಳ ಸಾಲು. ಇಷ್ಟೊಂದು ಕೆಲಸ ಮಾಡುವ ಈ ಒಂದೇ ಮಾತಿಗೆ ದಣಿವೇ ಆಗುವುದಿಲ್ಲವೇ ಎಂದು ಅವಳು ಅಪ್ಪನನ್ನು ಕೇಳಿದ್ದುಂಟು.

ಹತ್ತನೇ ತರಗತಿ ಮುಗಿದು ಮತ್ತೆರಡು ವರ್ಷ ವಿದ್ಯುತ್ ಕೆಲಸದ ತರಬೇತಿಯೂ ಆದ ಮೇಲೆ ಒಂದು ಸಂಜೆ ಅಪ್ಪ ಅವಳನ್ನು ಎದುರಿಗೆ ಕೂರಿಸಿಕೊಂಡ.

"ನೋಡಮ್ಮ, ನಿನ್ನ ಲೈನ್ ಯಾವ್ದು ಅಂತ ನೀನೇ ನೋಡ್ಕೋ. ನಾನು ಬೇಡ ಅನ್ನಲ್ಲ. ಆದ್ರೆ ಕೈ ಹಾಕಿದ್ಮೇಲೆ ಅರ್ಧಕ್ಕೆ ಬಿಟ್ಟು ಬರಬೇಡ."

"ನೋಡಿ ಆಗಿದೆ ಅಪ್ಪಾ. ಲೈನ್‌ಮನ್ ಕೆಲಸಕ್ಕೆ ಕರೆದಿದ್ದಾರೆ. ಕಂಬ ಹತ್ತಿ ತೋರಿಸ್ಬೇಕಂತೆ."

ಒಳಗೆ ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಅಪ್ಪ ಮಾತ್ರ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಹಾಗಾದ್ರೆ ಹತ್ತೋದು ಕಲೀಬೇಕಲ್ಲ" ಎಂದ.

ಸಾಲು ಮನೆಗಳ ಕೊನೆಯಲ್ಲಿ ತಂತಿ ಕಳಚಿದ ಹಳೆಯ ಕಂಬವೊಂದು ಕೆಲಸವಿಲ್ಲದೆ ನಿಂತಿತ್ತು. ಮಾರನೆಯ ದಿನದಿಂದ ಅಪ್ಪ ಮಗಳು ಸಂಜೆ ಅದರ ಬುಡಕ್ಕೆ ಹೋಗತೊಡಗಿದರು. ಅಪ್ಪನಿಗೆ ಹತ್ತಲು ಬಾರದು, ಹೇಳಿಕೊಡಲು ಮಾತ್ರ ಎಲ್ಲಿಲ್ಲದ ಹುರುಪು. ಕೆಳಗೆ ಎರಡೂ ಕೈ ಚಾಚಿ ನಿಂತು, "ಬಿದ್ರೆ ಹಿಡ್ಕೊಳ್ಳೋಕೆ ನಾನಿದ್ದೀನಿ, ಹತ್ತು" ಎನ್ನುತ್ತಿದ್ದ. ಒಂದು ದಿನ ಅವಳು ನಿಜವಾಗಿ ಜಾರಿದಳು, ಅವನು ನಿಜವಾಗಿ ಹಿಡಿದುಕೊಂಡ. ಇಬ್ಬರೂ ಮೊಣಕೈ ತರಚಿಕೊಂಡು ಮನೆಗೆ ಬಂದಾಗ ಅಮ್ಮ ಇಬ್ಬರಿಗೂ ಒಂದೇ ಸಮ ಬೈದು, ಒಂದೇ ಬಟ್ಟೆ ಹರಿದು ಪಟ್ಟಿ ಕಟ್ಟಿದಳು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನಗುತ್ತಿದ್ದರು. ಅಪ್ಪ ಯಾರಿಗೂ ಸೊಪ್ಪು ಹಾಕಲಿಲ್ಲ.

ಪರೀಕ್ಷೆಯ ದಿನ ಮೈದಾನದಲ್ಲಿದ್ದ ಹೆಣ್ಣು ಅವಳೊಬ್ಬಳೇ. ಮೇಜಿನ ಹಿಂದೆ ಕೂತಿದ್ದ ಹಿರಿಯ ಅಧಿಕಾರಿ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದರು.

"ಲೈನ್‌ಮನ್ ಅಂತ ಹೇಳಿದೀವಲ್ಲಮ್ಮ. ಮನ್ ಅಂದ್ರೇನು ಗೊತ್ತಾ?"

"ಗೊತ್ತು ಸಾರ್. ಆದ್ರೆ ಅದು ಹಿಂದುಗಡೆ ಇದೆ, ಲೈನ್ ಮುಂದಿದೆ. ನಾನು ಮುಂದಿನದನ್ನ ನೋಡ್ಕೊಂಡು ಬಂದೆ."

ಪಕ್ಕದಲ್ಲಿದ್ದವರು ಕಿಸಕ್ಕೆಂದರು. ಅಧಿಕಾರಿಗೂ ನಗು ತಡೆಯಲಾಗಲಿಲ್ಲ. "ಬಾಯಿ ಮೇಲಿದೆ. ಕಾಲೂ ಮೇಲೆ ಹೋಗುತ್ತಾ ನೋಡೋಣ" ಎಂದರು. ಹೋಯಿತು. ತುದಿ ಮುಟ್ಟಿ ಕೆಳಗೆ ನೋಡಿದಾಗ ಅಪ್ಪ ಬೇಲಿಯಾಚೆ, ತನಗೇ ಅರಿವಿಲ್ಲದೆ, ಎರಡೂ ಕೈ ಚಾಚಿ ನಿಂತಿದ್ದ.

ಕೆಲಸ ಸಿಕ್ಕಿತು, ಆದರೆ ಕಂಬ ಸಿಗಲಿಲ್ಲ. ಮೊದಲ ಕೆಲವು ತಿಂಗಳು ಅವಳಿಗೆ ಏಣಿ ಹಿಡಿಯುವುದು, ಫೋನ್ ಎತ್ತುವುದು, ಬಂದವರಿಗೆ ಟೀ ತರಿಸುವುದು ಇಷ್ಟೇ ಕೆಲಸ. ಗಂಡಸರು ಕೆಟ್ಟವರೇನಲ್ಲ, ಅವಳಿಗೆ ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆಂಬ ಭಯ ಅವರಿಗೆ. ಅವಳನ್ನು ಮೊದಲು ಕಂಬ ಹತ್ತಿಸಿದವನು ಗಿಡ್ಡಣ್ಣ ಎಂಬ ಅಡ್ಡಹೆಸರಿನ ಲೈನ್‌ಮನ್. ಆಳು ನಿಜಕ್ಕೂ ಗಿಡ್ಡ. ಕಂಬದ ತುದಿಯ ಬೋಲ್ಟಿಗೆ ಕೈ ಎಟುಕಿಸಲು ಒದ್ದಾಡುತ್ತಿದ್ದ. ಒಂದು ಮಧ್ಯಾಹ್ನ ಮೇಲಿಂದ ಇಳಿದು ಬಂದವನೇ ಕಂಬಕ್ಕೆ ಕಟ್ಟಿಕೊಳ್ಳುವ ಬೆಲ್ಟ್ ಬಿಚ್ಚಿ ಅವಳ ಕೈಗೆ ಕೊಟ್ಟ. "ದೇವರು ನಿಂಗೆ ಉದ್ದ ಕೈ ಕೊಟ್ಟಿದ್ದಾನೆ, ನಂಗೆ ಉದ್ದ ನಾಲಿಗೆ ಕೊಟ್ಟಿದ್ದಾನೆ. ನೀನು ಮೇಲೆ ಹೋಗು, ನಾನು ಕೆಳಗಿಂದ ಮಾತಾಡ್ತಿರ್ತೀನಿ." ಅಂದಿನಿಂದ ಅವರಿಬ್ಬರದು ಜೋಡಿ. ವಯಸ್ಸಿನಲ್ಲಿ ಅವನು ದೊಡ್ಡವನಾದರೂ ಅವಳನ್ನು ಅಕ್ಕ ಎಂದು ಕರೆಯಲು ಶುರುಮಾಡಿದ. ಬೇರೆಯವರು ಅದಕ್ಕೆ ಲೈನ್ ಸೇರಿಸಿದರು, ಹೆಸರು ಅಂಟಿತು.

ಮದುವೆಯೂ ಆ ಮಾತಿನ ತಮಾಷೆಯಲ್ಲೇ ಆಯಿತು. ಕಚೇರಿಯ ಎದುರು ಒಬ್ಬ ಟೈಲರ್ ಇದ್ದ. ಅವನ ಅಂಗಡಿಯಲ್ಲಿ ಮೇಲಿಂದ ಮೇಲೆ ಫ್ಯೂಸ್ ಹೋಗುತ್ತಿತ್ತು, ಅದೂ ಲೈನಕ್ಕನ ಪಾಳಿ ಇದ್ದಾಗಲೇ. ಗಿಡ್ಡಣ್ಣ ಅವಳನ್ನು ಕರೆದು, "ಅಕ್ಕಾ, ಅಲ್ಲಿ ವೈರಿಂಗ್ ಸರಿಯಾಗೇ ಇದೆ. ಆ ಮನುಷ್ಯ ನಿಂಗೆ ಲೈನ್ ಹೊಡೀತಿದ್ದಾನೆ" ಎಂದ. ಅವಳು ನೇರ ಅಂಗಡಿಗೆ ಹೋಗಿ, "ಫ್ಯೂಸ್ ನೀವೇ ತೆಗೀತಿದ್ದೀರಂತೆ?" ಎಂದು ಕೇಳಿದಳು. ಟೈಲರ್ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವನು ಎಳೆಯುತ್ತಲೇ ಮೇಜಿನ ಮೇಲೂ ಒಂದು ಗೇಣು ಗೆರೆ ಎಳೆದುಬಿಟ್ಟ. ಸುಳ್ಳು ಹೇಳಲಿಲ್ಲ. ಅದೇ ಅವಳಿಗೆ ಹಿಡಿಸಿತು. ಮದುವೆಯಾದ ಮೇಲೆ ಬಂದವರಿಗೆಲ್ಲ ಅವನು, "ಮನೆಯಲ್ಲಿ ಅವಳು ಲೈನು, ನಾನು ಲೈನಿಂಗು. ಹೊರಗಡೆ ಕಾಣಲ್ಲ, ಆದ್ರೆ ನಾನಿಲ್ದೆ ಅಂಗಿ ನಿಲ್ಲಲ್ಲ" ಎಂದು ಹೇಳಿಕೊಳ್ಳುತ್ತಿದ್ದ. ಮಗಳು ಹುಟ್ಟಿದಾಗ ತೊಟ್ಟಿಲ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಒಂದು ಕಾಲಲ್ಲಿ ಅದನ್ನು, ಇನ್ನೊಂದರಲ್ಲಿ ಇದನ್ನು ಆಡಿಸುತ್ತ ಹೆಂಡತಿಯನ್ನು ಕೆಲಸಕ್ಕೆ ಕಳಿಸಿದವನು ಅವನೇ.

ಒಮ್ಮೆ ಬೆಳಿಗ್ಗೆ ಕಚೇರಿಗೆ ಒಂದು ದೂರು ಬಂತು. ಒಬ್ಬ ವಯಸ್ಸಾದ ಹೆಂಗಸು ಗಾಬರಿಯಿಂದ, "ನಮ್ಮ ಹಿತ್ತಲಲ್ಲಿ ಲೈನ್ ಕಟ್ಟಾಗಿ ಬಿದ್ದಿದೆ, ಬೇಗ ಬನ್ನಿ" ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರು. ತಂತಿ ಬಿದ್ದಿದೆ ಎಂದರೆ ಆಟವಲ್ಲ. ಆ ಬೀದಿಗೆ ಪೂರ್ತಿ ಕರೆಂಟ್ ತೆಗೆಸಿ, ಲೈನಕ್ಕ ಮತ್ತು ಗಿಡ್ಡಣ್ಣ ಏಣಿ ಹೊತ್ತು ಓಡಿದರು. ಹೋಗಿ ನೋಡಿದರೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಿತ್ತು, ಒಗೆದ ಬಟ್ಟೆಯೆಲ್ಲ ಮಣ್ಣಿನಲ್ಲಿ ಹೊರಳಾಡುತ್ತಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ಲೈನ್ ಕೆಲಸ ನಿಮ್ಮದೇ ಅಲ್ವಾ?" ಎಂದರು. ಗಿಡ್ಡಣ್ಣ ನೆಲದ ಮೇಲೆ ಕೂತು ನಕ್ಕ. ಲೈನಕ್ಕ ತನ್ನ ಚೀಲದಿಂದ ಹಳೆಯ ತಂತಿ ತೆಗೆದು ಗಟ್ಟಿಯಾಗಿ ಕಟ್ಟಿಕೊಟ್ಟಳು, ಬಟ್ಟೆ ಕೊಡವಿ ಹಾಕಿಯೂ ಕೊಟ್ಟಳು. ಆದರೆ ದಾರಿಯಲ್ಲಿ ಬರುವಾಗ ಅವಳಿಗೆ ನಗು ಬರಲಿಲ್ಲ. ಇವತ್ತು ಮಾತು ಹಗ್ಗಕ್ಕೆ ಹೋಯಿತು. ಇನ್ನೊಂದು ದಿನ ಎಲ್ಲಿಗೆ ಹೋಗುತ್ತದೋ. ಆಮೇಲೆ ಫೋನಿನಲ್ಲಿ ಯಾರು ಲೈನ್ ಎಂದರೂ ಅವಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಒಂದೇ ಪ್ರಶ್ನೆ. "ಯಾವ ಲೈನು?" ಅಂಗಡಿಯಲ್ಲಿ ಯಾರೋ ಲೈನಲ್ಲಿ ಬನ್ನಿ ಎಂದರೂ ಅದೇ. ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು.

ವರ್ಷಗಳು ಕಳೆದವು. ಕಂಬದ ಮೇಲಿನ ಕೆಲಸ ಸಾಕಷ್ಟು ಮಾಡಿ, ಬಡ್ತಿ ಸಿಕ್ಕಿ, ಲೈನಕ್ಕ ಊರಿಗೆ ಕರೆಂಟ್ ಹಂಚುವ ಸ್ಟೇಷನ್ನಿನಲ್ಲಿ ಆಪರೇಟರ್ ಆದಳು. ಯಾವ ಬೀದಿಗೆ ಕರೆಂಟ್ ಬಿಡಬೇಕು, ಯಾವುದಕ್ಕೆ ತೆಗೆಯಬೇಕು ಎಲ್ಲ ಆ ಕೋಣೆಯಿಂದಲೇ. ಗೋಡೆಯುದ್ದಕ್ಕೂ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಗಳು, ಒಂದೊಂದಕ್ಕೂ ಒಂದು ಹಿಡಿ, ಹೊರಗೆ ಅಂಗಳದಲ್ಲಿ ಹಗಲೂ ರಾತ್ರಿ ಗುಂಯ್ಗುಡುವ ಟ್ರಾನ್ಸ್‌ಫಾರ್ಮರ್. ತಂತಿಯ ಮೇಲೆ ಕೆಲಸ ಮಾಡುವವನು ಮೊದಲು ಆಪರೇಟರ್‌ನಿಂದ ಒಪ್ಪಿಗೆ ಪಡೆಯಬೇಕು. ಇದಕ್ಕೆ ಅವರ ಮಾತಿನಲ್ಲಿ ಲೈನ್ ಕ್ಲಿಯರ್ ತಗೊಳ್ಳುವುದು ಎನ್ನುತ್ತಾರೆ. ಆಪರೇಟರ್ ಆ ತಂತಿಯ ಕರೆಂಟ್ ತೆಗೆದು, ಹಿಡಿಗೆ ಬೀಗ ಹಾಕಿ, ಕೆಂಪು ಹಲಗೆ ನೇತುಹಾಕಬೇಕು. ಕೆಲಸ ಮುಗಿಸಿ ಅವನು ಲೈನ್ ಕ್ಲಿಯರ್ ವಾಪಸ್ ಕೊಟ್ಟ ಮೇಲೆಯೇ ಕರೆಂಟ್ ಬಿಡಬೇಕು. ನಡುವೆ ಇರುವುದು ಒಂದು ಫೋನು, ಎರಡು ಬಾಯಿ, ಎರಡು ಕಿವಿ.

ಆ ದಿನ ಬೆಳಗಿನ ಜಾವ ಭಾರೀ ಗಾಳಿ ಬೀಸಿ ಮರಗಳು ಉರುಳಿದ್ದವು. ಆಸ್ಪತ್ರೆಯ ಕಡೆಗೆ ಹೋಗುವ ತಂತಿ ಇಟ್ಟಿಗೆ ಗೂಡಿನ ಹತ್ತಿರ ಹರಿದಿತ್ತು. ಗಿಡ್ಡಣ್ಣ ಲೈನ್ ಕ್ಲಿಯರ್ ತಗೊಂಡು ತನ್ನ ಜೊತೆಗಾರನೊಂದಿಗೆ ಅಲ್ಲಿಗೆ ಹೋಗಿದ್ದ. ಲೈನಕ್ಕ ಬೀಗ ಹಾಕಿ, ಹಲಗೆ ನೇತುಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡಳು. ಮಧ್ಯಾಹ್ನ ಆಯಿತು. ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. ಜನರೇಟರಿನ ಡೀಸೆಲ್ ಮುಗಿಯುತ್ತ ಬಂದಿದೆ, ಹೊಸದನ್ನು ತರುವ ಗಾಡಿ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಸ್ಟೇಷನ್ನಿನ ಯುವ ಇಂಜಿನಿಯರ್ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಿದ್ದರು. ಗಿಡ್ಡಣ್ಣನಿಗೆ ಫೋನ್ ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ.

ಆಗ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಎತ್ತಿದರೆ ಬರೀ ಕರಕರ ಸದ್ದು. ಅದರ ನಡುವೆ ಒಂದು ಗಂಡುದನಿ ಕೂಗಿತು.

"ಅಕ್ಕಾ, ಲೈನ್ ಕ್ಲಿಯರ್ ಆಯ್ತು! ಬಿಡಿ, ಬೇಗ ಬಿಡಿ!"

"ಯಾವ ಲೈನು? ಯಾರು ಮಾತಾಡ್ತಿರೋದು?"

ಉತ್ತರ ಬರುವ ಮೊದಲೇ ಫೋನ್ ಸತ್ತಿತು.

ಆ ಕೂಗು ಇಂಜಿನಿಯರ್ ಕಿವಿಗೂ ಬಿದ್ದಿತ್ತು. ಅವರ ಮುಖ ಅರಳಿತು. "ಸದ್ಯ! ಬಿಡಿ ಅಕ್ಕಾ, ಹೇಳಿದ್ರಲ್ಲ!"

ಲೈನಕ್ಕನ ಕೈ ಆಗಲೇ ಜೇಬಿನೊಳಗಿತ್ತು, ಬೀಗದ ಕೈ ಬೆರಳಿಗೆ ತಾಗಿಯೂ ಆಗಿತ್ತು. ಅದು ಗಿಡ್ಡಣ್ಣನ ದನಿಯಂತೆಯೇ ಕೇಳಿಸಿತ್ತು. ಆಗಿರಲಿ ಎಂದು ಅವಳ ಮನಸ್ಸೂ ಬಯಸುತ್ತಿತ್ತು. ಆದರೆ ಬಯಸಿದ್ದು ಬೇರೆ, ಕೇಳಿದ್ದು ಬೇರೆ. ಅವಳು ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದಳು.

"ಹೆಸರು ಹೇಳ್ಲಿಲ್ಲ ಸಾರ್. ನಾನು ಬಿಡಲ್ಲ."

"ಅಕ್ಕಾ, ಆಸ್ಪತ್ರೆಯಲ್ಲಿ ಜನ ಇದ್ದಾರೆ!"

"ಕಂಬದ ಮೇಲೂ ಇರಬಹುದು ಸಾರ್."

ಮತ್ತೆ ಫೋನ್ ಬಂತು, ಆಸ್ಪತ್ರೆಯಿಂದ. ಈ ಸಲ ಡಾಕ್ಟರೇ ಮಾತಾಡಿದರು, ಬೈಯಲಿಲ್ಲ, ಬೇಡಿಕೊಂಡರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಲೈನಕ್ಕ ಫೋನ್ ಇಟ್ಟು ಇಂಜಿನಿಯರ್ ಕಡೆ ತಿರುಗಿದಳು.

"ಆಸ್ಪತ್ರೆಗೆ ಪೇಟೆ ಕಡೆಯಿಂದ ಕೊಡೋಕಾಗಲ್ವಾ ಸಾರ್?"

"ಆಗುತ್ತೆ. ಅಲ್ಲಿ ಈ ಹರಿದ ತಂತಿಯಿಂದ ಬಿಡಿಸಿ ಪೇಟೆ ತಂತಿಗೆ ಸ್ವಿಚ್ ಬದಲಾಯಿಸ್ಬೇಕು. ಆದ್ರೆ ಆ ಭಾರ ತಡೀಬೇಕಂದ್ರೆ ಪೇಟೆ ಅಂಗಡಿ ಬೀದಿಗಳನ್ನೆಲ್ಲ ಆಫ್ ಮಾಡ್ಬೇಕಾಗುತ್ತೆ. ವ್ಯಾಪಾರದ ಹೊತ್ತು. ನನ್ನ ಸುಮ್ನೆ ಬಿಡ್ತಾರಾ?"

"ಬೈತಾರೆ ಸಾರ್. ಇಬ್ಬರೂ ಕೂತು ಬೈಸ್ಕೊಳ್ಳೋಣ."

ಇಂಜಿನಿಯರ್ ಗೋಡೆಗೆ ನೇತುಹಾಕಿದ್ದ ಕೈಗವಸು ಕಿತ್ತುಕೊಂಡು, "ನಾನೇ ಹೋಗ್ತೀನಿ. ತಲುಪಿ ಫೋನ್ ಮಾಡ್ತೀನಿ" ಎಂದು ಸ್ಕೂಟರ್ ಹತ್ತಿದರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆ ಹತ್ತಿರದಿಂದ ಫೋನ್ ಬಂತು. ತಮ್ಮ ಹೆಸರು, ಹುದ್ದೆ, ನಿಂತ ಜಾಗ ಎಲ್ಲ ಶಾಲೆಯ ಹುಡುಗನ ಹಾಗೆ ಒಪ್ಪಿಸಿದರು. ಅವರು ಹೇಳಿದಂತೆ ಅವಳು ಪೇಟೆಯ ಅಂಗಡಿ ಬೀದಿಗಳನ್ನು ಆಫ್ ಮಾಡಿದಳು, ಅವರು ಅಲ್ಲಿ ಸ್ವಿಚ್ ಬದಲಾಯಿಸಿದರು, ಆಸ್ಪತ್ರೆಯಲ್ಲಿ ದೀಪ ಬಂತು. ಮರುಗಳಿಗೆಯಿಂದ ಪೇಟೆಯವರ ಫೋನುಗಳು. ಲೈನಕ್ಕ ಒಂದೊಂದನ್ನೂ ಎತ್ತಿ, "ಹೌದು, ನಾನೇ ತೆಗೆದಿದ್ದು" ಎಂದು ಹೇಳಿ ಬೈಸಿಕೊಂಡಳು.

ಅಷ್ಟರಲ್ಲಿ ಕಚೇರಿಯ ಜೀಪ್ ಅಂಗಳಕ್ಕೆ ನುಗ್ಗಿತು. ಡ್ರೈವರ್ ಇಳಿದವನೇ ಬಾಗಿಲಲ್ಲಿ ನಿಂತು ಸಿಡುಕಿದ. "ಏನಕ್ಕಾ, ಫೋನ್ ಮಾಡಿ ಹೇಳಿದ್ರೂ ಲಾರಿ ಇಲ್ಲೇ ನಿಂತಿದೆಯಲ್ಲ! ಮರ ಎತ್ತಿದ್ರು, ಗಾಡಿಗಳ ಲೈನ್ ಕ್ಲಿಯರ್ ಆಯ್ತು, ಬಿಡಿ ಬಿಡಿ ಅಂತ ಬಾಯಿ ಬಡ್ಕೊಂಡೆ!"

ಹೊಸ ಕಂಬಗಳನ್ನು ಹೇರಿದ ಲಾರಿಯೊಂದು ಬೆಳಗ್ಗಿನಿಂದ ಅಂಗಳದ ಮೂಲೆಯಲ್ಲಿ ಕಾಯುತ್ತಿತ್ತು. ರಸ್ತೆ ತೆರವಾಗಿದೆಯೇ ನೋಡಲು ಹೋದವನು ಇವನು. ಅವನು ಬಿಡಿ ಎಂದದ್ದು ಕರೆಂಟನ್ನಲ್ಲ, ಲಾರಿಯನ್ನು.

ಲೈನಕ್ಕ ಬೀಗದ ಕೈ ಇದ್ದ ಜೇಬಿನ ಮೇಲೆ ಕೈಯಿಟ್ಟಳು. "ಗಿಡ್ಡಣ್ಣ ಎಲ್ಲಿ?" ಎಂದಳು.

"ಈಗ ನೋಡ್ಕೊಂಡೇ ಬಂದೆ. ಇಬ್ಬರೂ ಕಂಬದ ಮೇಲೇ ಇದ್ದಾರೆ. ತಂತಿ ಎಳೀತಿದ್ದಾರೆ."

ಹೇಳಿ ಮುಗಿಸಿದ ಮೇಲೆ ಅವಳ ಮುಖ ನೋಡಿದ ಡ್ರೈವರ್ ಹಿಡಿಗೆ ನೇತುಹಾಕಿದ್ದ ಕೆಂಪು ಹಲಗೆಯನ್ನು ನೋಡಿದ. ತಾನು ಕೂಗಿದ್ದೇನೆಂದು ಆಗ ಅವನಿಗೆ ಹೊಳೆಯಿತು. ಆಜಾನುಬಾಹು ಮನುಷ್ಯ ಹೊಸಿಲ ಮೇಲೆಯೇ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಲೈನಕ್ಕ ಎದ್ದು ಹೋಗಿ ಅವನಿಗೆ ನೀರು ಕೊಟ್ಟಳು. ತಾನೂ ಕುಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಗಿಡ್ಡಣ್ಣನ ಫೋನ್ ಬಂತು. ಅವನ ಮೊಬೈಲು ಊಟದ ಚೀಲದೊಳಗೆ, ಚೀಲ ಬೇಲಿಗೂಟದ ಮೇಲೆ, ಬೇಲಿ ಕಂಬದಿಂದ ಎಷ್ಟೋ ದೂರದಲ್ಲಿ. ತನ್ನ ಹೆಸರು ಹೇಳಿ, ಕೆಲಸ ಮುಗಿಯಿತು, ಜೊತೆಗಾರನೂ ಇಳಿದಿದ್ದಾನೆ ಎಂದ.

"ನಿನ್ನ ಎರಡು ಕಾಲೂ ನೆಲದ ಮೇಲಿದೆಯಾ?" ಲೈನಕ್ಕ ಕೇಳಿದಳು.

"ಎರಡೂ ಇದೆ ಅಕ್ಕಾ. ಮೂರನೇದಿದ್ದಿದ್ರೆ ಅದನ್ನೂ ಇಡ್ತಿದ್ದೆ. ಯಾಕೆ, ಏನಾಯ್ತು?"

"ಏನೂ ಆಗ್ಲಿಲ್ಲ" ಎಂದಳು ಅವಳು. ಜೇಬಿನಿಂದ ಬೀಗದ ಕೈ ತೆಗೆದು ಹಿಡಿಯ ಬೀಗ ಬಿಚ್ಚಿದಳು.

ಮರುದಿನ ಗಿಡ್ಡಣ್ಣನ ಹೆಂಡತಿ ಸ್ಟೇಷನ್ನಿಗೆ ಬಂದಳು. ಆಕೆ ಹೆಚ್ಚು ಮಾತಿನವಳಲ್ಲ. ಮನೆಯಲ್ಲಿ ಆಕೆಯ ಪಾಲಿನ ಮಾತನ್ನೂ ಗಂಡನೇ ಆಡಿ ಮುಗಿಸುತ್ತಿದ್ದ. ಲೈನಕ್ಕನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು. ಬಂದ ಹಾಗೆಯೇ ಹೊರಟುಹೋದಳು. ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಲೈನಕ್ಕ ಬಹಳ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸಂಜೆ ಮನೆಯಲ್ಲಿ ಹೇಳಿದಾಗ ಟೈಲರ್ ಕತ್ತರಿ ಕೆಳಗಿಟ್ಟು, "ಇಂಥ ಕೈಗೆ ನಾನು ಬಳೆ ಕೊಡಿಸ್ಲಿಲ್ವಲ್ಲೇ" ಎಂದ. ಮಗಳು, "ಇನ್ಮೇಲೆ ನೀನು ಎಷ್ಟು ಸಲ ಕೇಳಿದ್ರೂ ನಾನು ತಲೆ ಚಚ್ಕೊಳಲ್ಲಮ್ಮ" ಎಂದಳು. ಆ ಮಾತನ್ನು ವಾರದೊಳಗೆ ಮುರಿದಳು.

ಇಂಜಿನಿಯರ್ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಅವರು ನಡೆದದ್ದನ್ನು ಮುಚ್ಚಿಡಲಿಲ್ಲ. ನಾನು ಬಿಡಿ ಎಂದಿದ್ದೆ, ಅಕ್ಕ ಬಿಡಲಿಲ್ಲ ಎಂದು ತಾವೇ ಹೇಳಿದರು. ಇನ್ನು ಮುಂದೆ ಫೋನಿನಲ್ಲಿ ಲೈನ್ ಕ್ಲಿಯರ್ ಎಂಬ ಮಾತು ಬೇಡವೇ ಬೇಡ ಎಂದು ಲೈನಕ್ಕ ಪಟ್ಟು ಹಿಡಿದಳು. ಕೆಲಸ ಮುಗಿಸಿದವನು ಮೊದಲು ತನ್ನ ಹೆಸರು ಹೇಳಬೇಕು, ಜಾಗ ಹೇಳಬೇಕು, ಆಮೇಲೆ ನಾನೂ ನನ್ನ ಜೊತೆಯವರೂ ನೆಲದ ಮೇಲಿದ್ದೀವಿ ಎನ್ನಬೇಕು. ಮೇಲಿನವರು ಒಪ್ಪಿದರು. ಮೊದಲು ಕೆಲವು ದಿನ ಎಲ್ಲರಿಗೂ ನಾಲಿಗೆ ತಿರುಚಿಕೊಂಡಂತಾಯಿತು. ಬಾಯಿ ತಪ್ಪಿದವರು ಎಲ್ಲರಿಗೂ ಟೀ ಕುಡಿಸಬೇಕೆಂದು ಗಿಡ್ಡಣ್ಣ ಕಾನೂನು ಮಾಡಿದ, ಅತಿ ಹೆಚ್ಚು ಟೀ ಕುಡಿಸಿದವನೂ ಅವನೇ ಆದ. ಒಂದೆರಡು ವರ್ಷದಲ್ಲಿ ಪಕ್ಕದ ಊರುಗಳ ಸ್ಟೇಷನ್ನುಗಳಿಗೂ ಆ ಪದ್ಧತಿ ಹಬ್ಬಿತು. ಲೈನಕ್ಕನನ್ನು ಒಮ್ಮೆಯೂ ಕಾಣದವರು ಕಂಬದಿಂದ ಇಳಿದು, ಅವಳು ಜೋಡಿಸಿಕೊಟ್ಟ ಮಾತನ್ನು ಫೋನಿನಲ್ಲಿ ಹೇಳಿ, ಮನೆಗೆ ಊಟಕ್ಕೆ ಹೋಗುತ್ತಿದ್ದಾರೆ.

ಈಗ ಅವಳು ತರಬೇತಿ ಮೈದಾನದಲ್ಲಿ ಹೊಸಬರಿಗೆ ಕಲಿಸುತ್ತಾಳೆ. ಕೂದಲು ಅಲ್ಲಲ್ಲಿ ನೆರೆತಿದೆ, ಮಂಡಿ ಆಗಾಗ ತಕರಾರು ಮಾಡುತ್ತದೆ, ದನಿ ಮಾತ್ರ ಮೈದಾನದ ಆ ತುದಿ ಮುಟ್ಟುತ್ತದೆ. ಈ ವರ್ಷ ಬಂದವರಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು. ಮೊನ್ನೆ ಅವರಲ್ಲೊಬ್ಬಳು ಮೊದಲ ಸಲ ತುದಿಯವರೆಗೆ ಹತ್ತಿ, ಖುಷಿ ತಡೆಯಲಾರದೆ ಅಲ್ಲಿಂದಲೇ ಕೂಗಿದಳು.

"ಅಕ್ಕಾ, ಇಲ್ಲಿಂದ ನಮ್ಮನೆ ಕಾಣ್ಸುತ್ತೆ!"

"ಮನೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಬೆಲ್ಟ್ ನೋಡ್ಕೋ" ಎಂದು ಲೈನಕ್ಕ ಕೆಳಗಿಂದ ಗದರಿದಳು. ಆಮೇಲೆ ಬಿಸಿಲಿಗೆ ಕೈ ಅಡ್ಡ ಹಿಡಿದು, ಹುಡುಗಿ ಬೆರಳು ತೋರಿಸಿದ ದಿಕ್ಕಿಗೆ ಕತ್ತು ಚಾಚಿ, "ಯಾವ ಕಡೆನೇ? ಆ ನೀಲಿ ಬಾಗಿಲಿನದಾ?" ಎಂದು ಕೇಳಿದಳು.